ದೇರೆಬೈಲ್ ಸೀಮೆಯಲ್ಲಿ ರೂಟ್ ಆದ ಫೋನಿನ ಅಪ್‌ಡೇಟ್ ವಿಧಿ: ಮೂಲಗೇಣಿ ಶಾಸ್ತ್ರದ ಬೆಳಕಿನಲ್ಲಿ ಒಂದು ವಿಮರ್ಶೆ

ಆಂಡ್ರಾಯ್ಡ್ ಫೋನನ್ನು ರೂಟ್ ಮಾಡುವುದು, ಅಂದರೆ ಅದರ ಸಿಸ್ಟಂ ಮೇಲೆ ಪೂರ್ಣಾಧಿಕಾರ ಪಡೆಯುವುದು, ಪರದೇಶದಲ್ಲಿ ಹುಟ್ಟಿದ ವಿದ್ಯೆ ಎಂದು ಈವರೆಗಿನ ವಿದ್ವಾಂಸರು ನಂಬಿಕೊಂಡು ಬಂದಿದ್ದಾರೆ. ಇದು ದಕ್ಷಿಣ ಕನ್ನಡದ ಗೇಣಿಚೀಟುಗಳನ್ನು ಒಮ್ಮೆಯೂ ಬಿಡಿಸಿ ನೋಡದವರ ಮಾತು. ಒಡೆಯ ಯಾರು, ಒಕ್ಕಲು ಯಾರು, ಗಡಿ ಎಲ್ಲಿ, ಯಾರನ್ನು ಎಬ್ಬಿಸಬಹುದು, ಯಾರನ್ನು ಎಬ್ಬಿಸಬಾರದು ಎಂಬ ಪ್ರಶ್ನೆಗಳನ್ನೆಲ್ಲ ನಮ್ಮ ಹಿರಿಯರು ಭತ್ತದ ಗದ್ದೆಯ ವಿಚಾರದಲ್ಲಿ ಎಂದೋ ಚರ್ಚಿಸಿ, ಕೋರ್ಟು ಹತ್ತಿ, ಅಪೀಲು ಹೋಗಿ ಮುಗಿಸಿದ್ದಾರೆ. (ಕೆಲವರ ಅಪೀಲು ಇನ್ನೂ ಮುಗಿದಿಲ್ಲ.) ಆ ಜ್ಞಾನವನ್ನು ಫೋನಿಗೆ ಅನ್ವಯಿಸುವುದಷ್ಟೇ ಪ್ರಸ್ತುತ ಪ್ರಬಂಧದ ಕೆಲಸ.

ಅಧ್ಯಯನ ಕ್ಷೇತ್ರವಾಗಿ ಮಂಗಳೂರಿನ ದೇರೆಬೈಲನ್ನು ಆರಿಸಿದ್ದಕ್ಕೆ ಸಕಾರಣವಿದೆ. ತುಳುನಾಡಿನ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ನೀರು ನಿಲ್ಲುವ ಬೈಲಿಗೆ ಮೊದಲ ಮರ್ಯಾದೆ. ದೇರೆಬೈಲಿನಲ್ಲಿ ಈಗ ಗದ್ದೆಗಿಂತ ಫ್ಲ್ಯಾಟು ಹೆಚ್ಚು. ಪಕ್ಕದ ಕೊಟ್ಟಾರಕ್ಕೆ ಇನ್ಫೋಸಿಸ್ 1990ರ ದಶಕದಲ್ಲೇ ಬಂದು ಕೂತಿತ್ತು. ದೇರೆಬೈಲಿನ ಕಿಯೋನಿಕ್ಸ್ ಜಾಗದಲ್ಲಿ ಐಟಿ ಪಾರ್ಕ್ ಕಟ್ಟುವ ಯೋಜನೆಯನ್ನು ಸರ್ಕಾರವೂ ಪ್ರಕಟಿಸಿದೆ. ಅಜ್ಜನ ಆರ್‌ಟಿಸಿಯೂ ಮೊಮ್ಮಗನ ಪಾಸ್‌ವರ್ಡೂ ಒಂದೇ ಕಪಾಟಿನಲ್ಲಿ ಸಿಗುವ ಇಂಥ ಊರು ಸಂಶೋಧಕನಿಗೆ ಸುಲಭಕ್ಕೆ ಸಿಗುವುದಿಲ್ಲ.

ಒಡೆತನ ವಿಚಾರ

ಚಾಲಗೇಣಿ ಎಂದರೆ ಧನಿಗಳ ಮನಸ್ಸಿದ್ದಷ್ಟು ದಿನ. ಮೂಲಗೇಣಿ ಎಂದರೆ ಗೊತ್ತುಮಾಡಿದ ಗೇಣಿ ಸಲ್ಲಿಸುತ್ತಿರುವಷ್ಟು ಕಾಲ, ತಲೆತಲಾಂತರ, ಯಾರೂ ಎಬ್ಬಿಸುವಂತಿಲ್ಲ. ಹಾಗಾದರೆ ಅಂಗಡಿಯಲ್ಲಿ ಪೂರ್ತಿ ಹಣ ಎಣಿಸಿ ತಂದ ಫೋನಿನಲ್ಲಿ ನಾವು ಯಾರು? ಕಂಪನಿ ತುಂಬಿಸಿ ಕಳಿಸಿದ ಆ್ಯಪನ್ನು ಕಿತ್ತುಹಾಕುವಂತಿಲ್ಲ. ಸಿಸ್ಟಂ ಭಾಗದಲ್ಲಿ ಒಂದಕ್ಷರ ಬರೆಯುವಂತಿಲ್ಲ. ಕ್ರಯ ಪೂರ್ತಿ ಕೊಟ್ಟವನನ್ನು ಚಾಲಗೇಣಿಗೆ ಕೂರಿಸುವ ಇಂಥ ಕರಾರನ್ನು ಬರೆಯಲು ನಮ್ಮ ಹಳೆಯ ಧನಿಗಳಿಗೂ ಧೈರ್ಯ ಬಂದಿರಲಿಲ್ಲ.

ರೂಟ್ ಎನ್ನುವುದು ಈ ಒಕ್ಕಲು ಹಾಕುವ ಡಿಕ್ಲರೇಶನ್. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ಗೇಣಿದಾರ ಭೂನ್ಯಾಯಮಂಡಳಿಗೆ ಸಲ್ಲಿಸಬೇಕಾಗಿದ್ದದ್ದು ನಮೂನೆ 7. ಆಂಡ್ರಾಯ್ಡಿನಲ್ಲಿ ಡೆವಲಪರ್ ಆಯ್ಕೆಗಳು ತೆರೆಯಬೇಕಾದರೆ ಬಿಲ್ಡ್ ನಂಬರಿನ ಮೇಲೆ ಬೆರಳು ಒತ್ತಬೇಕಾದದ್ದು 7 ಸಲ. ಇದನ್ನು ಕಾಕತಾಳೀಯ ಎನ್ನುವ ಅವಸರದವರೂ ಇದ್ದಾರೆ. ರೂಟಿಗೆ ಮುಂಚೆ ಶಿಯೋಮಿ ಫೋನಿನ ಬೂಟ್‌ಲೋಡರಿನ ಬೀಗ ಬಿಡಿಸಲು ಅರ್ಜಿ ಹಾಕಿದವರಿಗೆ ಕಂಪನಿ ಹೇಳುತ್ತಿದ್ದ ವಾಯಿದೆ 168 ಗಂಟೆ, ಅಂದರೆ ಸರಿಯಾಗಿ 7 ದಿನ. ಮುಂದಿನದನ್ನು ಓದುಗರೇ ಊಹಿಸಿಕೊಳ್ಳಬೇಕು.

ವ್ಯತ್ಯಾಸ ಒಂದೇ. ಡಿಕ್ಲರೇಶನ್ ಹಾಕಿದ್ದಕ್ಕೆ ಒಕ್ಕಲಿನ ಪಾತ್ರೆಪಗಡಿ ಬಾವಿಗೆ ಹಾಕಬೇಕೆಂದು ಕಾನೂನಿರಲಿಲ್ಲ. ಬೂಟ್‌ಲೋಡರ್ ಬಿಡಿಸಿದರೆ ಮಾತ್ರ ಫೋನಿನೊಳಗಿನ ಫೋಟೋ, ಮೆಸೇಜು, ಲೆಕ್ಕಪತ್ರ ಎಲ್ಲ ಅಳಿದುಹೋಗುತ್ತದೆ. ಕದ್ದ ಫೋನಿನ ಬೀಗ ಬಿಡಿಸಿದವನಿಗೆ ಒಳಗಿನದು ಸಿಗಬಾರದು ಎಂಬುದು ಇದರ ಹಿಂದಿನ ಕಾರಣ, ಕಾರಣ ನ್ಯಾಯವಾದದ್ದೇ. ಆದರೆ ಈ ಅಳಿಸುವಿಕೆ ಆರಂಭದಲ್ಲಿ ಒಮ್ಮೆ ಮಾತ್ರ. ಪ್ರತಿ ಅಪ್‌ಡೇಟಿಗೂ ಎಲ್ಲ ಅಳಿಯಲೇಬೇಕು ಎಂಬ ಜನಪ್ರಿಯ ನಂಬಿಕೆಗೆ ಆಧಾರವಿಲ್ಲ.

ಈ ವಿದ್ಯೆಗೂ ಒಂದು ಕೃತಯುಗ ಇತ್ತು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನ್, ಎಚ್‌ಟಿಸಿ ಜಿ1ರಲ್ಲಿ, ಕೀಬೋರ್ಡಿನಲ್ಲಿ ಏನು ಟೈಪ್ ಮಾಡಿದರೂ ಅದು ಒಳಗೊಳಗೇ ರೂಟ್ ಅಧಿಕಾರದ ಆಜ್ಞೆಯಾಗಿಯೂ ನಡೆದುಬಿಡುತ್ತಿತ್ತು. ಗೆಳೆಯನಿಗೆ ‘ರೀಬೂಟ್’ ಎಂದು ಬರೆಯಹೊರಟರೆ ಫೋನೇ ರೀಬೂಟ್! ಧನಿಗಳಿಗೆ ಬೇಗ ಎಚ್ಚರವಾಯಿತು, ದೋಷ ತಿದ್ದಿದರು. ಆಮೇಲೆ ಚೈನ್‌ಫೈರ್ ಎಂಬ ಅಂಕಿತದ ಡೆವಲಪರರ ಸೂಪರ್‌ಎಸ್‌ಯು ಬಂತು. 2016ರಲ್ಲಿ ಜಾನ್ ವೂ ಅವರ ಮ್ಯಾಜಿಸ್ಕ್ ಬಂತು. ಮ್ಯಾಜಿಸ್ಕ್ ಸಿಸ್ಟಂ ಭಾಗವನ್ನು ಮುಟ್ಟುವುದೇ ಇಲ್ಲ. ಫೋನು ಏಳುವಾಗ ಮೊದಲು ಓದುವ ಬೂಟ್ ಇಮೇಜಿನಲ್ಲಿ ತನಗೊಂದು ಜಾಗ ಮಾಡಿಕೊಂಡು, ಅಲ್ಲಿಂದಲೇ ಯಜಮಾನಿಕೆ ನಡೆಸುತ್ತದೆ. ಗದ್ದೆಗೆ ಇಳಿಯದೆ ಜಗಲಿಯಲ್ಲಿ ಕೂತು ಬೇಸಾಯ ಮಾಡಿಸುವ ಕ್ರಮ ನಮ್ಮ ಜಿಲ್ಲೆಗೆ ಹೊಸದಲ್ಲ.

ಪೂರ್ವಪಕ್ಷ ಖಂಡನೆ

ಅಪ್‌ಡೇಟೇ ಬೇಡ ಎಂಬ ಒಂದು ಪಂಥವಿದೆ. “ನಡೀತಾ ಉಂಟಲ್ಲ, ಮತ್ತೆಂತಕ್ಕೆ ಮುಟ್ಟುವುದು?” ಎಂಬುದು ಇವರ ಏಕೈಕ ಸೂತ್ರ. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬೆಳಕಿಗೆ ಬಂತು. ದುರುದ್ದೇಶದ ಒಂದು ಎಂಎಂಎಸ್ ಸಾಕಿತ್ತು, ಫೋನು ಪರರ ಕೈಗೆ ಹೋಗಲು. ಅದಾದ ಮೇಲೆಯೇ ಗೂಗಲ್ ತಿಂಗಳು ತಿಂಗಳು ಭದ್ರತಾ ತೇಪೆ ಹೊರಡಿಸುವ ಪರಿಪಾಠ ಇಟ್ಟುಕೊಂಡದ್ದು. ರೂಟ್ ಆದ ಫೋನಿಗೆ ತೇಪೆಯೂ ಇಲ್ಲವೆಂದರೆ ಆ ಸೂತ್ರ ಹೆಚ್ಚು ದಿನ ಬಾಳದು. ಹೊಸ ಫೋನ್ ತೆಗೆದುಕೊಳ್ಳಿ ಎನ್ನುವ ಪಂಥವೂ ಇದೆ. ಅವರ ಬಳಿ ಹಣ ಇರುವುದರಿಂದ ಚರ್ಚೆ ಬೇಡ.

ಅತ್ಯಂತ ಪ್ರಬಲವಾದದ್ದು ಫಾರ್ಮ್ಯಾಟ್ ಪಂಥ. ಇದರ ಪೀಠ ಮೊಬೈಲ್ ಅಂಗಡಿಯ ಗಾಜಿನ ಕೌಂಟರ್. ಕ್ಷೇತ್ರಕಾರ್ಯದಲ್ಲಿ ದೊರೆತ ಒಂದು ಸಂವಾದವನ್ನು ಪಾಠಾಂತರವಿಲ್ಲದೆ ಕೊಡುತ್ತೇನೆ.

“ಅಂಕಲ್, ಒಂದು ಫಾರ್ಮ್ಯಾಟ್ ಹೊಡೆದ್ರೆ ಸರಿಯಾಗ್ತದೆ.”

“ಫೋಟೋಗಳು?”

“ಅದು ಹೋಗ್ತದೆ.”

“ರೂಟು?”

“ಅದೂ ಹೋಗ್ತದೆ.”

“ಹಾಗಾದ್ರೆ ಉಳಿಯುವುದೆಂತ ಮಾರಾಯ?”

“ಫೋನ್ ಉಳೀತದಲ್ಲ ಅಂಕಲ್.”

ಮಾಧ್ಯಮಿಕ ಬೌದ್ಧರ ಶೂನ್ಯವಾದಕ್ಕೆ ಇದಕ್ಕಿಂತ ಸಂಕ್ಷಿಪ್ತವಾದ ಭಾಷ್ಯ ಕನ್ನಡದಲ್ಲಿ ಬಂದಂತಿಲ್ಲ. ಆದರೆ ಒಕ್ಕಲಿಗೆ ಬೇಕಾದದ್ದು ನಿರ್ವಾಣವಲ್ಲ, ತಂಗಿಯ ಮದುವೆಯ ಫೋಟೋ.

ಸಿದ್ಧಾಂತ

ಅಪ್‌ಡೇಟ್ ಎಂದರೆ ಧನಿಗಳ ಸರ್ವೆ. ಆಂಡ್ರಾಯ್ಡ್ 5ರಿಂದೀಚೆಗೆ ಕಂಪನಿಯಿಂದ ನೇರವಾಗಿ ಇಳಿಯುವ ಅಪ್‌ಡೇಟು ಕಡತಗಳನ್ನಲ್ಲ, ಬ್ಲಾಕುಗಳನ್ನೇ ಅಳೆಯುತ್ತದೆ. ಕಂಪನಿ ಕೊಟ್ಟಾಗ ಹೇಗಿತ್ತೋ ಹಾಗೆಯೇ ಇರಬೇಕು; ಎಲ್ಲೋ ಒಂದು ಬಿಟ್ ಆಚೀಚೆಯಾಗಿದ್ದರೂ ‘ಆಗುವುದಿಲ್ಲ’ ಎಂದು ಹೊರಟುಹೋಗುತ್ತದೆ. ಆದ್ದರಿಂದ ಸರ್ವೆಯವರು ಬರುವ ಹೊತ್ತಿಗೆ ಸರಿಸಿದ ಗಡಿಕಲ್ಲು ಮೊದಲಿನ ಜಾಗದಲ್ಲೇ ಇರಬೇಕು. ಅವರು ಕಾಪಿ ಕುಡಿಯುತ್ತಿರುವಾಗ, ಅಂದರೆ ಅಳತೆ ಮುಗಿದು ರಿಪೋರ್ಟಿಗೆ ಸೀಲು ಬೀಳುವ ಮುಂಚೆ, ಕಲ್ಲು ಮತ್ತೆ ನಮ್ಮ ಜಾಗಕ್ಕೆ ಬರಬೇಕು. ಶಾಸ್ತ್ರ ಇಷ್ಟೇ. ಉಳಿದದ್ದೆಲ್ಲ ಕೈಚಳಕ.

ಮೊದಲು ಡೆವಲಪರ್ ಆಯ್ಕೆಗಳಲ್ಲಿ ತನ್ನಿಂತಾನೇ ಅಪ್‌ಡೇಟ್ ಆಗುವುದನ್ನು ಬಂದ್ ಮಾಡಬೇಕು, ಇಲ್ಲದಿದ್ದರೆ ಸರ್ವೆ ರಾತ್ರಿ ಹೊತ್ತು ನಡೆದುಹೋಗುತ್ತದೆ. ಆಮೇಲೆ ಮ್ಯಾಜಿಸ್ಕ್ ಮಾಡ್ಯೂಲುಗಳು. ಇವರು ಒಳಮೂಲಗೇಣಿದಾರರು, ಮೂಲಗೇಣಿದಾರನ ಅಡಿಯಲ್ಲಿ ಜಾಗ ಪಡೆದವರು. ಹಳೆಯ ಆಂಡ್ರಾಯ್ಡಿಗೆ ಒಗ್ಗಿದವರು ಹೊಸದರಲ್ಲಿ ಜಗಳ ತೆಗೆದರೆ ಫೋನು ಲೋಗೋ ತೋರಿಸುತ್ತ ಏಳುತ್ತ ಬೀಳುತ್ತ ಇರುತ್ತದೆ. ಅವರನ್ನು ಮೊದಲೇ ತಾತ್ಕಾಲಿಕವಾಗಿ ನಿಲ್ಲಿಸಿಡುವುದು ಕ್ಷೇಮ. ಮರೆತಿದ್ದರೆ ಸೇಫ್ ಮೋಡಿನಲ್ಲಿ ಎಬ್ಬಿಸಿ. ಮ್ಯಾಜಿಸ್ಕ್ ಅದನ್ನು ಗುರುತಿಸಿ ಮಾಡ್ಯೂಲುಗಳನ್ನು ತಾನೇ ನಿಲ್ಲಿಸುತ್ತದೆ.

ಈಗ ಮ್ಯಾಜಿಸ್ಕ್ ಆ್ಯಪಿನ ‘ಅನ್‌ಇನ್‌ಸ್ಟಾಲ್’ ಒತ್ತಿ, ಅಲ್ಲಿ ಬರುವ ಎರಡರಲ್ಲಿ ‘ರಿಸ್ಟೋರ್ ಇಮೇಜಸ್’ ಆರಿಸಬೇಕು. ‘ಕಂಪ್ಲೀಟ್ ಅನ್‌ಇನ್‌ಸ್ಟಾಲ್’ ಅಲ್ಲ, ಅದು ರಾಜೀನಾಮೆ. ಇಲ್ಲಿಂದ ರೀಬೂಟ್ ನಿಷಿದ್ಧ. ಈ ಗಳಿಗೆಯಲ್ಲಿ ಫೋನಿನ ಸ್ಥಿತಿ ತತ್ತ್ವಜ್ಞರಿಗೆ ಪ್ರಿಯವಾದದ್ದು: ಸ್ಟೋರೇಜಿನಲ್ಲಿ ರೂಟ್ ಇಲ್ಲ, ಮೆಮೊರಿಯಲ್ಲಿ ಇನ್ನೂ ಉಂಟು. ಆಗ ಸೆಟ್ಟಿಂಗ್ಸಿಗೆ ಹೋಗಿ ಅಪ್‌ಡೇಟ್ ಇಳಿಸಬೇಕು. 2016ರ ಆಂಡ್ರಾಯ್ಡ್ 7ರಿಂದ ಎ ಮತ್ತು ಬಿ ಎಂಬ ಎರಡು ಸ್ಲಾಟುಗಳ ಏರ್ಪಾಡು ಬಂದಿದೆ. ನಾವು ಎ ಸ್ಲಾಟಿನಲ್ಲಿ ವಾಟ್ಸ್‌ಆ್ಯಪ್ ನೋಡುತ್ತಿರುವಾಗಲೇ ಬಿ ಸ್ಲಾಟಿನಲ್ಲಿ ಹೊಸ ಸಿಸ್ಟಂ ಬರೆದುಕೊಳ್ಳುತ್ತಿರುತ್ತದೆ. ಕೊನೆಗೆ ‘ಈಗಲೇ ರೀಸ್ಟಾರ್ಟ್ ಮಾಡಿ’ ಎಂಬ ದೊಡ್ಡ ಬಟನ್ ಬರುತ್ತದೆ. ಅದನ್ನು ಮುಟ್ಟದೆ ಮ್ಯಾಜಿಸ್ಕಿಗೆ ಮರಳಿ ‘ಇನ್‌ಸ್ಟಾಲ್ ಟು ಇನ್‌ಆ್ಯಕ್ಟಿವ್ ಸ್ಲಾಟ್’ ಆರಿಸಿ, ಮ್ಯಾಜಿಸ್ಕಿನದೇ ರೀಬೂಟ್ ಬಟನ್ ಒತ್ತಬೇಕು. ಫೋಟೋ ಇದ್ದಲ್ಲೇ, ರೂಟೂ ಇದ್ದಲ್ಲೇ, ಆಂಡ್ರಾಯ್ಡ್ ಮಾತ್ರ ಹೊಸದು.

ವಿಧಿ ಕೆಡುವುದು ಆ ದೊಡ್ಡ ಬಟನ್ನಿನಲ್ಲಿ. ದೇರೆಬೈಲಿನ ಒಂದು ಫ್ಲ್ಯಾಟಿನಲ್ಲಿ ಕಾಲೇಜು ಹುಡುಗನೊಬ್ಬ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮುಗಿಸಿ, ಫೋನನ್ನು ಊಟದ ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದ. ನೀರುದೋಸೆಯ ತಟ್ಟೆ ತಂದಿಟ್ಟ ಅಮ್ಮ, “ಎಂತದೋ ರೀಸ್ಟಾರ್ಟ್ ಕೇಳ್ತಾ ಇತ್ತು ಮಗಾ, ಒತ್ತಿದೆ” ಎಂದರು. ಹುಡುಗ ಏನು ಹೇಳಿದ ಎಂಬುದು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಇಂಥಲ್ಲಿ ಹೋಗುವುದು ರೂಟ್ ಮಾತ್ರ, ಡೇಟಾ ಅಲ್ಲ. ಹೊಸ ಆವೃತ್ತಿಯ ಫರ್ಮ್‌ವೇರಿನಿಂದ ಬೂಟ್ ಇಮೇಜ್ ತೆಗೆದು, ಮ್ಯಾಜಿಸ್ಕಿನಲ್ಲಿ ಪ್ಯಾಚ್ ಮಾಡಿ, ಕಂಪ್ಯೂಟರಿನಿಂದ ಫಾಸ್ಟ್‌ಬೂಟ್ ಮೂಲಕ ಹಾಕಿದರೆ ಹಕ್ಕು ಮರಳುತ್ತದೆ. ಆಂಡ್ರಾಯ್ಡ್ 13ರೊಂದಿಗೇ ಹುಟ್ಟಿದ ಫೋನುಗಳಲ್ಲಿ ಸಾಮಾನ್ಯವಾಗಿ ಪ್ಯಾಚ್ ಆಗಬೇಕಾದದ್ದು ‘ಇನಿಟ್ ಬೂಟ್’ ಇಮೇಜು. ಬಿಲ್ಡ್ ನಂಬರ್ ಅಕ್ಷರಶಃ ತಾಳೆಯಾಗಬೇಕು. ಸರ್ವೆ ನಂಬರ್ ಒಂದು, ಸಬ್‌ಡಿವಿಜನ್ ಬೇರೆ ಎಂಬಂಥ ಕಾಗದ ನಡೆಯುವುದಿಲ್ಲ.

ಪಾಠಭೇದ ವಿಚಾರ

ಪಿಕ್ಸೆಲ್ ಫೋನಿಗೆ ಗೂಗಲ್ ಕೊಡುವ ಫ್ಯಾಕ್ಟರಿ ಇಮೇಜಿನಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕುವ ಒಂದು ಸ್ಕ್ರಿಪ್ಟ್ ಇರುತ್ತದೆ. ಅದರ ಕೊನೆಯ ಆಜ್ಞೆಯಲ್ಲಿ ಒಂದು ಅಡ್ಡಗೆರೆ, ಅದರ ಪಕ್ಕ ‘ಡಬ್ಲ್ಯು’ ಅಕ್ಷರ. ‘ವೈಪ್’ ಎಂದು ಅರ್ಥ. ಆ ಎರಡು ಗುರುತುಗಳನ್ನು ಅಳಿಸಿ ಉಳಿಸಿಕೊಂಡರೆ ಡೇಟಾ ಉಳಿಯುತ್ತದೆ, ಮರೆತರೆ ಮನೆ ಖಾಲಿ. ಸ್ಯಾಮ್‌ಸಂಗಿನವರಿಗೆ ಫಾಸ್ಟ್‌ಬೂಟ್ ಇಲ್ಲ, ಓಡಿನ್ ಇದೆ. ಅಲ್ಲಿ ‘ಸಿಎಸ್‌ಸಿ’ ಎಂಬ ಕಡತ ಎಲ್ಲವನ್ನೂ ಒರೆಸುತ್ತದೆ, ‘ಹೋಮ್ ಸಿಎಸ್‌ಸಿ’ ಎಂಬುದು ಮನೆಯನ್ನು ಹಾಗೆಯೇ ಬಿಡುತ್ತದೆ. ಒಂದಕ್ಷರದ ಪಾಠಭೇದಕ್ಕಾಗಿ ಪಂಡಿತರು ಪುಟಗಟ್ಟಲೆ ಜಗಳವಾಡುತ್ತಿದ್ದುದನ್ನು ನೋಡಿ ನಕ್ಕವರು ಇಲ್ಲಿ ಸ್ವಲ್ಪ ಯೋಚಿಸಬೇಕು.

ಬ್ಯಾಂಕುಗಳ ವಿಷಯ ಬೇರೆಯೇ. ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಎರಡೂ 1906ರಲ್ಲಿ, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ: ಇಷ್ಟು ಬ್ಯಾಂಕುಗಳನ್ನು ಹೆತ್ತ ನೆಲದಲ್ಲೇ ರೂಟ್ ಆದ ಫೋನಿಗೆ ಬ್ಯಾಂಕಿನ ಆ್ಯಪ್‌ಗಳು ಬಾಗಿಲು ಹಾಕುತ್ತವೆ. ಮ್ಯಾಜಿಸ್ಕಿನ ಡಿನೈಲಿಸ್ಟ್ ಒಂದು ಮಟ್ಟಿಗೆ ಮರೆ ಮಾಡುತ್ತದೆ, ಗೂಗಲ್ಲಿನ ಪ್ಲೇ ಇಂಟೆಗ್ರಿಟಿ ಮತ್ತೆ ಹುಡುಕುತ್ತದೆ. ಬ್ಯಾಂಕಿನ ಕಡೆ ತಪ್ಪು ಇಲ್ಲವೆಂದೇ ನನ್ನ ಅಭಿಪ್ರಾಯ. ಹಣದ ವ್ಯವಹಾರಕ್ಕೆ ರೂಟ್ ಆಗದ ಇನ್ನೊಂದು ಹಳೆಯ ಫೋನು ಇಟ್ಟುಕೊಳ್ಳುವುದು ಮರ್ಯಾದೆ. ಅಂದಹಾಗೆ 2019 ಮತ್ತು 2020ರ ವಿಲೀನಗಳಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಶನ್ ಮೂರೂ ಹೆಸರುಗಳು ಅಳಿದವು, ಖಾತೆಯ ಹಣ ಉಳಿಯಿತು. ಡೇಟಾ ಉಳಿದು ರೂಟ್ ಹೋದ ಅಪ್‌ಡೇಟಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಕರಾವಳಿಯಲ್ಲಿಲ್ಲ.

ಮೂಲಗೇಣಿ ಮತ್ತು ಒಳಮೂಲಗೇಣಿದಾರರಿಗೆ ಒಡೆತನ ಕೊಡಲು ಕರ್ನಾಟಕ 2011ರಲ್ಲಿ ಕಾಯ್ದೆ ಮಾಡಿತು. ಫೋನಿನ ಒಕ್ಕಲುಗಳಿಗೆ ಅಂಥದ್ದು ಇನ್ನೂ ಬಂದಿಲ್ಲ. ಬರುವವರೆಗೆ ದೇರೆಬೈಲಿನ ಸಮಸ್ತ ಫೋನ್ ಒಕ್ಕಲುಗಳಲ್ಲಿ ನನ್ನ ಅರಿಕೆ: ಫೋಟೋಗಳನ್ನು ಮೊದಲು ಕಂಪ್ಯೂಟರಿಗೆ ಹಾಕಿಕೊಳ್ಳಿ. ಕಂಪನಿಯ ಮೂಲ ಬೂಟ್ ಇಮೇಜಿನ ಒಂದು ಪ್ರತಿ ಜೋಪಾನ ಮಾಡಿ. ರೂಟ್ ಇರುವಷ್ಟು ದಿನ ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕಬೇಡಿ, ಹಾಕಿದರೆ ಫೋನು ಏಳದೇ ಇರಬಹುದು. ಜೂನ್ ತಿಂಗಳ ಗುಡುಗಿನ ಸಂಜೆ, ಮೆಸ್ಕಾಂನ ಕರೆಂಟು ಹೋಗಿ ಬಂದು ಮಾಡುತ್ತಿರುವಾಗ, ಡೆಸ್ಕ್‌ಟಾಪಿಗೆ ಕೇಬಲ್ ಸಿಕ್ಕಿಸಿ ಈ ಕೆಲಸಕ್ಕೆ ಕೂರಬೇಡಿ.