ಶಾಲು, ಹಾರ ಮತ್ತು ಎರಡು ಹನಿ

ಯಾರಾದರೂ ರೋಟರಿಗೋ ಲಯನ್ಸ್‌ಗೋ ಸೇರಿದರೆಂದರೆ ಊರಿನಲ್ಲಿ ಎರಡು ಮಾತು ಹುಟ್ಟುತ್ತವೆ. ಎದುರಿಗೆ, "ಒಳ್ಳೇ ಕೆಲಸ ಸಾರ್, ಸಮಾಜಕ್ಕೆ ನಿಮ್ಮಂಥವರು ಬೇಕು." ಬೆನ್ನ ಹಿಂದೆ, "ದುಡ್ಡಾಯಿತು, ಇನ್ನು ಪೇಪರಿನಲ್ಲಿ ಫೋಟೊ ಬರಬೇಕಲ್ಲ!" ಈ ಎರಡನೆಯ ಮಾತೇ ಹೆಚ್ಚು ನಿಜ ಎಂದು ಒಪ್ಪಿಕೊಂಡೇ ನಾನು ಸೇವಾ ಸಂಸ್ಥೆಗಳ ಪರವಾಗಿ ವಾದಿಸುವವನು. ಅಪ್ಪಟ ನಿಸ್ವಾರ್ಥಿಗಳು ಸಿಗಲಿ ಎಂದು ಕಾದು ಕುಳಿತಿದ್ದರೆ ಎಷ್ಟೋ ಊರುಗಳ ಬಸ್ ತಂಗುದಾಣಕ್ಕೆ ಇವತ್ತಿಗೂ ಚಾವಣಿ ಬೀಳುತ್ತಿರಲಿಲ್ಲ. ಆ ಚಾವಣಿಯ ಹಣೆಯ ಮೇಲೆ ದಾನಿಯ ಹೆಸರು ಊರಿನ ಹೆಸರಿಗಿಂತ ದಪ್ಪಕ್ಷರದಲ್ಲಿ ಇರುತ್ತದೆ, ನಿಜ. ಆದರೆ ಜಡಿಮಳೆಯಲ್ಲಿ ಅದರಡಿ ನಿಂತವರು ಯಾರೂ ಅಕ್ಷರದ ಗಾತ್ರ ಅಳೆಯುವುದಿಲ್ಲ.

ಸೇವೆಗೆ ಬಂದವರು ಸ್ವಂತ ಲಾಭವನ್ನೂ ನೋಡಿಕೊಳ್ಳುತ್ತಾರೆ ಎಂದು ಮೂಗು ಮುರಿಯುವವರು ಒಮ್ಮೆ ಚರಿತ್ರೆಯ ಕಡೆ ನೋಡಬೇಕು. ರೋಟರಿ ಹುಟ್ಟಿದ್ದು ಸೇವೆಗಾಗಿ ಅಲ್ಲವೇ ಅಲ್ಲ. 1905ರ ಫೆಬ್ರುವರಿ 23ರಂದು ಷಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಇನ್ನು ಮೂವರನ್ನು ಕೂಡಿಕೊಂಡ. ಒಬ್ಬ ಗಣಿ ಇಂಜಿನಿಯರು, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಮತ್ತೊಬ್ಬ ದರ್ಜಿ. ಅಷ್ಟು ದೊಡ್ಡ ಊರಿನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಜನವಿಲ್ಲವೆಂಬ ಬೇಸರ ಒಂದು ಕಾರಣ. ಸ್ನೇಹಿತರಾದವರು ಒಬ್ಬರಿಗೊಬ್ಬರು ಗಿರಾಕಿಗಳೂ ಆಗಲಿ ಎಂಬ ಲೆಕ್ಕಾಚಾರ ಇನ್ನೊಂದು. ಅದಕ್ಕೇ ಒಂದು ಕಸುಬಿಗೆ ಒಬ್ಬನೇ ಸದಸ್ಯ ಎಂಬ ಕಟ್ಟಳೆ ಬಂತು. ಜಾಣತನದ ಕಟ್ಟಳೆ, ಇಬ್ಬರು ದರ್ಜಿಗಳು ಒಂದೇ ಮೇಜಿಗೆ ಕುಳಿತರೆ ಸ್ನೇಹವೂ ಹೋಗುತ್ತದೆ, ಗಿರಾಕಿಯೂ ಹೋಗುತ್ತಾನೆ. ಸೇವೆಯ ಯೋಚನೆ ಹೊಳೆದದ್ದು ಆಮೇಲೆ. 1907ರಲ್ಲಿ ಅವರು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ ಯಾವುದೆಂದರೆ ಸಾರ್ವಜನಿಕ ಶೌಚಾಲಯ. ಅದಕ್ಕೂ ವಿರೋಧ ಬಂತು. ಕುಡಿಯುವ ಅಂಗಡಿಗಳ ಪರವಾದವರು, ನಮ್ಮಲ್ಲಿ ಶೌಚಾಲಯ ಇದೆಯಲ್ಲ ಎಂದು ತಕರಾರು ತೆಗೆದರು. ಅವರ ಕಷ್ಟ ಅರ್ಥವಾಗುವಂಥದ್ದೇ. ಆ ಕಾರಣಕ್ಕೆ ಒಳಗೆ ಬಂದವನು ಮರ್ಯಾದೆಗಾದರೂ ಒಂದು ಲೋಟ ಕುಡಿದೇ ಹೋಗಬೇಕಿತ್ತಲ್ಲ. ಇನ್ನು 1917ರಲ್ಲಿ ಅದೇ ಷಿಕಾಗೊದಲ್ಲಿ ಲಯನ್ಸ್ ಕಟ್ಟಿದ ಮೆಲ್ವಿನ್ ಜೋನ್ಸ್ ವಿಮೆಯ ವ್ಯವಹಾರದವನು. ವಿಮೆ ಏಜೆಂಟರನ್ನು ದೂರದಿಂದ ಕಂಡರೇ ರಸ್ತೆ ದಾಟುವವರು ನಾವು. ಆದರೆ ವ್ಯಾಪಾರಿಗಳ ಕೂಟ ಬರೀ ವ್ಯಾಪಾರಕ್ಕೇ ಏಕೆ ಮುಗಿಯಬೇಕು ಎಂಬ ಪ್ರಶ್ನೆ ಹೊಳೆದದ್ದು ಅಂಥವನಿಗೇ. 1925ರಲ್ಲಿ ಹೆಲೆನ್ ಕೆಲರ್ ಈ ಲಯನ್ಸ್ ಸಮಾವೇಶಕ್ಕೆ ಹೋಗಿ, ಅಂಧರ ಕಡೆ ನಿಲ್ಲಿ ಎಂದು ಕೇಳಿದರು. ಇಂದು ತಾಲ್ಲೂಕು ತಾಲ್ಲೂಕಿನಲ್ಲೂ ಶಾಲೆಯ ಕೋಣೆಯಲ್ಲಿ ಅಜ್ಜ ಅಜ್ಜಿಯರ ಪೊರೆ ತಪಾಸಣೆಯ ಶಿಬಿರ ನಡೆಯುತ್ತದಲ್ಲ, ಅದರ ಬೇರು ಅಲ್ಲಿದೆ.

ಸದಸ್ಯನಿಗೆ ಆಗುವ ಲಾಭಗಳಲ್ಲಿ ಸ್ನೇಹ, ಪರಿಚಯ, ಭಾಷಣದ ರೂಢಿ ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು, ಇಲ್ಲಿ ಕುರ್ಚಿ ಬಿಡುವುದನ್ನು ಕಲಿಸುತ್ತಾರೆ ಎಂಬುದು. ಅಧ್ಯಕ್ಷಗಿರಿ ಜುಲೈ 1ಕ್ಕೆ ಬರುತ್ತದೆ, ಮುಂದಿನ ಜೂನ್ 30ಕ್ಕೆ ಹೋಗುತ್ತದೆ. ಜಿಲ್ಲಾ ಗವರ್ನರ್ ಎಂಬ ಘನವಾದ ಹುದ್ದೆಯದೂ ಇದೇ ಪಾಡು. ನಮ್ಮ ಸಹಕಾರ ಸಂಘಗಳಲ್ಲಿ, ಜಾತಿ ಸಂಘಗಳಲ್ಲಿ, ಅಷ್ಟೇಕೆ, ಗಣೇಶೋತ್ಸವ ಸಮಿತಿಯಲ್ಲೂ ಒಮ್ಮೆ ಕುಳಿತವರನ್ನು ಏಳಿಸಬೇಕಾದರೆ ಬಣ ಕಟ್ಟಬೇಕು, ಕೋರ್ಟಿಗೆ ಹೋಗಬೇಕು, ಕೆಲವೊಮ್ಮೆ ಯಮನೇ ಬರಬೇಕು. ಇಲ್ಲಿ ಕ್ಯಾಲೆಂಡರ್ ಸಾಕು. ಇಳಿದವನಿಗೆ 'ನಿಕಟಪೂರ್ವ ಅಧ್ಯಕ್ಷ' ಎಂಬ ಬಿರುದು ಕೊಟ್ಟು ಸಮಾಧಾನವನ್ನೂ ಮಾಡುತ್ತಾರೆ. ಲಯನ್ಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಟೈಲ್ ಟ್ವಿಸ್ಟರ್' ಎಂಬ ಅಧಿಕಾರಿಯನ್ನೇ ನೇಮಿಸಿಕೊಂಡಿದ್ದಾರೆ. ಸಭೆಯಲ್ಲಿ ಸದಸ್ಯರ ಕಾಲೆಳೆದು, ಸಣ್ಣಪುಟ್ಟ ನೆಪಕ್ಕೆಲ್ಲ ದಂಡ ವಸೂಲಿ ಮಾಡುವುದು ಅವನ ಕೆಲಸ. ಊರಲ್ಲಿ ಯಾರೂ ಎದುರಾಡದ ಸಾಹುಕಾರ ಇಲ್ಲಿ ನಗುನಗುತ್ತಾ ದಂಡ ಕಟ್ಟುತ್ತಾನೆ. ಈ ಹುದ್ದೆಯನ್ನು ವಿಧಾನಸಭೆಗೂ ವಿಸ್ತರಿಸಿದರೆ ಬೊಕ್ಕಸ ಯಾವತ್ತೂ ಬರಿದಾಗಲಾರದು.

ಆಕ್ಷೇಪಗಳಿಗೆ ಬರೋಣ. ಒಂದು ಹೊಲಿಗೆ ಯಂತ್ರಕ್ಕೆ ಹದಿನಾರು ಕೈ ತಾಗಿಸಿ ಫೋಟೊಕ್ಕೆ ನಿಲ್ಲುತ್ತಾರೆ. ಪಡೆಯುವ ಹೆಣ್ಣುಮಗಳು ಚಿತ್ರದಲ್ಲಿ ಎಲ್ಲಿದ್ದಾಳೆಂದು ಹುಡುಕಬೇಕು. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ನೆನಪಿನ ಕಾಣಿಕೆಗಳ ನಡುವೆ ಸೇವೆಯ ಪಾಲಿಗೆ ಉಳಿಯುವುದು ವಂದನಾರ್ಪಣೆಗೆ ಮುಂಚಿನ ಐದು ನಿಮಿಷ. ಈ ಗೇಲಿ ಹೊಸದೂ ಅಲ್ಲ. ಸಿಂಕ್ಲೇರ್ ಲೂಯಿಸ್ ತನ್ನ 'ಬ್ಯಾಬಿಟ್' ಕಾದಂಬರಿಯಲ್ಲಿ ಇಂಥ ಕ್ಲಬ್ಬುಗಳನ್ನು 1922ರಲ್ಲೇ ಚೆನ್ನಾಗಿ ಝಾಡಿಸಿದ್ದಾನೆ. ಅವನಿಗೆ 1930ರಲ್ಲಿ ನೊಬೆಲ್ ಬಂತು. ಕ್ಲಬ್ಬುಗಳು ಬೈಸಿಕೊಂಡು ಊಟ ಮುಂದುವರಿಸಿದವು. ಮುಂದುವರಿಸಿದ್ದೇ ಒಳ್ಳೆಯದಾಯಿತು ಎನ್ನಲು ನನ್ನ ಬಳಿ ಒಂದು ಸಾಕ್ಷಿ ಇದೆ. 1985ರಲ್ಲಿ ರೋಟರಿಯವರು ಜಗತ್ತಿನ ಮಕ್ಕಳಿಗೆಲ್ಲ ಪೋಲಿಯೊ ಲಸಿಕೆ ಕೊಡಿಸಲು 12 ಕೋಟಿ ಡಾಲರ್ ಕೂಡಿಸುತ್ತೇವೆಂದು ಹೊರಟರು. ಕೂಡಿಸಿದ್ದು ಅದರ ಎರಡರಷ್ಟು. ನಮ್ಮಲ್ಲಿ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು ಬಂದಾಗ, ಇದೇ ಶಾಲುಪ್ರಿಯರು ಬಸ್ ನಿಲ್ದಾಣಗಳ ಬೂತುಗಳಲ್ಲಿ ಬೆಳಗಿನಿಂದ ನಿಂತರು. 2009ರಲ್ಲಿ ಭಾರತದಲ್ಲಿ 741 ಮಕ್ಕಳಿಗೆ ಪೋಲಿಯೊ ತಗಲಿತ್ತು, 2010ರಲ್ಲಿ 42, 2011ರಲ್ಲಿ ಒಂದೇ ಒಂದು. 2014ರ ಮಾರ್ಚ್‌ನಲ್ಲಿ ನಾವು ಪೋಲಿಯೊ ಮುಕ್ತರೆಂದು ಸರ್ಟಿಫಿಕೇಟು ಬಂತು.

ಅದು ಸರ್ಕಾರದ ಕೆಲಸವಲ್ಲವೇ ಎನ್ನುತ್ತೀರಿ. ಹೌದು, ಲಸಿಕೆ, ದಾದಿಯರು, ಲೆಕ್ಕಪತ್ರ ಎಲ್ಲ ಸರ್ಕಾರದ್ದೇ, ಅದಿಲ್ಲದೆ ಕ್ಲಬ್ಬುಗಳಿಂದ ಏನೂ ಆಗುತ್ತಿರಲಿಲ್ಲ. ಆದರೆ ಸರ್ಕಾರದ ಸುತ್ತೋಲೆಗೆ ಕದ ತೆರೆಯದ ಮನೆಯವರು ಪರಿಚಯದ ಅಂಗಡಿಯವರು ಬಂದು ಕರೆದರೆ ಮಗುವನ್ನು ಎತ್ತಿಕೊಂಡು ಹೊರಗೆ ಬರುತ್ತಾರೆ. ಆ ಪರಿಚಯವನ್ನು ಯಾವ ಇಲಾಖೆಯೂ ಟೆಂಡರ್ ಕರೆದು ಕೊಳ್ಳಲಾಗದು.

ನನ್ನಲ್ಲಿ ಉತ್ತರವಿಲ್ಲದ ಆಕ್ಷೇಪ ಒಂದೇ: ಇವರು ಬಾಗಿಲು ತೆರೆಯುವುದು ಬಹಳ ನಿಧಾನ. 1978ರಲ್ಲಿ ಕ್ಯಾಲಿಫೋರ್ನಿಯದ ಡುವಾರ್ಟೆ ಎಂಬ ಊರಿನ ರೋಟರಿ ಕ್ಲಬ್ಬು ಮೂವರು ಹೆಂಗಸರನ್ನು ಸೇರಿಸಿಕೊಂಡ ತಪ್ಪಿಗೆ ಅದರ ಮಾನ್ಯತೆಯನ್ನೇ ಕಿತ್ತುಕೊಂಡರು. ಜಗಳ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ತೀರ್ಪಾಗಿ, 1989ರಲ್ಲಿ ರೋಟರಿಯ ನಿಯಮ ಬದಲಾಯಿತು. ಪೋಲಿಯೊ ಓಡಿಸುತ್ತೇವೆಂದು ಪಣ ತೊಟ್ಟ ಮೇಲೆ ನಾಲ್ಕು ವರ್ಷಕ್ಕೆ ತಾಯಂದಿರು ಸದಸ್ಯರಾಗಬಹುದೆಂದು ಇವರಿಗೆ ತೋಚಿತು! ಈಗಲೂ ವಾರ್ಷಿಕ ಚಂದಾ, ಹೋಟೆಲಿನ ಊಟ, ಕೋಟಿನ ಖರ್ಚು ಲೆಕ್ಕ ಹಾಕಿದರೆ ದಿನಗೂಲಿಯವರು ಫಲಾನುಭವಿಯಾಗಿ ವೇದಿಕೆ ಹತ್ತಬಹುದೇ ಹೊರತು ಸದಸ್ಯರಾಗಿ ಅಲ್ಲ. ನಮ್ಮ ಕರಾವಳಿಯ ಯುವಕ ಮಂಡಲಗಳು, ಮಹಿಳಾ ಮಂಡಳಗಳು ಈ ವಿಷಯದಲ್ಲಿ ವಾಸಿ. ಅಲ್ಲಿ ಕೋಟು ಬೇಡ. ಶ್ರಮದಾನಕ್ಕೆ ಹಾರೆ ಹಿಡಿದು ಬಂದರೆ ಸಾಕು, ಚಂದಾ ಬಾಕಿಯಿದ್ದರೂ ಯಾರೂ ಕೇಳುವುದಿಲ್ಲ. ಆದ್ದರಿಂದ ಸೇರುವವರು ಕ್ಲಬ್ಬಿನ ಹೆಸರಿಗಿಂತ ಕಳೆದ ವರ್ಷದ ಲೆಕ್ಕಪತ್ರ ಕೇಳಿ ನೋಡುವುದು ಮೇಲು. ಊಟದ ಖರ್ಚು ಸೇವೆಯ ಖರ್ಚಿಗಿಂತ ಕಡಿಮೆಯಿದ್ದರೆ ಧೈರ್ಯವಾಗಿ ಸೇರಿ. ಹೆಚ್ಚಿದ್ದರೂ ಅಡ್ಡಿಯಿಲ್ಲ, ಹೊಸ ಸದಸ್ಯರಿಗೆ ಮೊದಲು ವಹಿಸುವುದು ಹೇಗೂ ವಂದನಾರ್ಪಣೆಯನ್ನೇ. ಮೈಕು ಕೈಗೆ ಬಂದಾಗ ಅಡುಗೆಯವರಿಗೆ ಕೃತಜ್ಞತೆ ಹೇಳುತ್ತಾ ಬಿಲ್ಲಿನ ಮೊತ್ತವನ್ನೂ ಓದಿಬಿಡಬಹುದು.