ಮಂದಲೇಖನ ಮೀಮಾಂಸೆ, ಅರ್ಥಾತ್ ಶೇರ್ ಫೋಲ್ಡರಿಗೆ ಫೈಲು ಏರದಿರುವ ಕುರಿತು ಪಂಚತಾಲ್ಲೂಕು ವಿಚಾರ

ಬರೆಯುವ ವೇಗದ ಮೇಲೆ ಈ ಸೀಮೆಯಲ್ಲಿ ದೂರು ಹುಟ್ಟಿದ್ದು ತೀರಾ ಈಚೆಗೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಶಾಸನ ಕೊರೆದವನು ದಿನಕ್ಕೆ ಎಷ್ಟು ಅಕ್ಷರ ಕೊರೆದನೆಂದು ಯಾರೂ ಲೆಕ್ಕ ಇಟ್ಟಿಲ್ಲ. ದಾನ ಕೊಟ್ಟವನು ಬೆನ್ನ ಹಿಂದೆ ನಿಂತು ‘ಇನ್ನೂ ಎಷ್ಟು ಪರ್ಸೆಂಟ್?’ ಎಂದು ಕೇಳಿದ ಉಲ್ಲೇಖವೂ ಸಿಗುವುದಿಲ್ಲ. ಕಲ್ಲಿನಲ್ಲಿ ಒಂದು ಗುಣವಿತ್ತು: ಬರೆದಾಯಿತು ಎಂದರೆ ಬರೆದಾಯಿತು. ಈ ಗುಣ ಮುಂದೆ ವಾದಕ್ಕೆ ಬರಲಿದೆ, ಓದುಗರು ಸೆರಗಿಗೆ ಗಂಟು ಹಾಕಿಟ್ಟುಕೊಳ್ಳಬೇಕು.

ಲಕ್ಷಣ: ಒಂದೇ ಅಂಗಡಿಯ ಎಲ್ಲ ಕಂಪ್ಯೂಟರಿಗೂ ಕಾಣುವ ಫೋಲ್ಡರಿನಿಂದ ಫೈಲು ತೆಗೆಯುವುದು ಬೇಗ, ಅದಕ್ಕೇ ಫೈಲು ಇಡುವುದು ತಡ. ಇದೇ ಮಂದಲೇಖನ. ಇಂಥ ಫೋಲ್ಡರು ನಡೆಯುವ ಎಸ್‌ಎಂಬಿ ಎಂಬ ಕಟ್ಟಳೆಯನ್ನು 1980ರ ದಶಕದಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್ ರೂಪಿಸಿದರು. 1991ರ ಕೊನೆಯಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಅದಕ್ಕೆ ಹೊಂದುವ ತಂತ್ರಾಂಶವನ್ನು ಬರೆಯತೊಡಗಿದರು. ಅದೇ ಇವತ್ತಿನ ಸಾಂಬಾ. ಇಬ್ಬರೂ ತೇರಿನ ಹಿಂದಿನ ವಾರ ಕೊಟ್ಟೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಕೂತವರಲ್ಲವಾದ್ದರಿಂದ ಅವರ ಮತ ಇಲ್ಲಿಗೆ ಅಪೂರ್ಣ.

ಆ ಅಂಗಡಿಯ ಸ್ಥಿತಿ ಹೀಗೆ. ಒಳಗಿನ ಕೋಣೆಯಲ್ಲಿ ಪ್ರಿಂಟಿಂಗ್ ಮಷೀನಿಗೆ ಕಟ್ಟಿದ ಕಂಪ್ಯೂಟರು, ಅಂಗಡಿಯವರ ಬಾಯಲ್ಲಿ ‘ಸರ್ವರ್’, ಅದರಲ್ಲಿ ‘ಜಾತ್ರೆ ಫೈನಲ್’, ‘ಜಾತ್ರೆ ಫೈನಲ್ ಹೊಸದು’, ‘ಇದೇ ಫೈನಲ್’ ಎಂಬ ಮೂರು ಫೋಲ್ಡರು. ಹೊರಗೆ ಡಿಸೈನ್ ಮಾಡುವ ಹುಡುಗ. ಎದುರಿಗೆ ಸ್ಟೂಲಿನ ಮೇಲೆ ಶುಭ ಕೋರುವ ಮುಖಂಡರ ಕಡೆಯವರು.

“ಏನಪಾ, ಇನ್ನಾ ಎಷ್ಟೊತ್ತು?”

“ಕಾಪಿ ಆಗವಲ್ದಣ್ಣ. ಸರ್ವರ್ ಸ್ಲೋ ಐತಿ.”

“ಮುಂಜಾನೆ ಅದ್ರಾಗಿಂದಾನ ಲಗೂನ ತಗದು ತೋರಿಸಿದೆಲ್ಲೋ!”

ಈ ಮೂರನೆಯ ಮಾತು ಇಡೀ ಮೀಮಾಂಸೆಯ ಬೀಜ. ಓದಲು ವೇಗವಾಗಿದ್ದದ್ದು ಬರೆಯಲು ಏಕೆ ಮಂದ?

ಪೂರ್ವಪಕ್ಷ. ಕೂಡ್ಲಿಗಿ ಪಂಥದವರು ‘ಆಫ್ ಮಾಡಿ ಆನ್ ಮಾಡು’ ಎನ್ನುತ್ತಾರೆ. ಈ ಮತಕ್ಕೆ ಅನುಯಾಯಿಗಳು ಹೆಚ್ಚು, ಆಧಾರ ಕಡಿಮೆ. ಹಗರಿಬೊಮ್ಮನಹಳ್ಳಿ ಪಂಥದವರು ‘ನೆಟ್ ಇಲ್ಲ’ ಎನ್ನುತ್ತಾರೆ. ಬ್ರಾಡ್‌ಬ್ಯಾಂಡ್ ವೈರನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡರೂ ಒಂದೇ ಅಂಗಡಿಯ ಎರಡು ಕಂಪ್ಯೂಟರಿನ ನಡುವೆ ಕಾಪಿ ನಡೆಯುತ್ತದೆ, ಆದ್ದರಿಂದ ಈ ಮತ ಖಂಡನೆಯಾಯಿತು. ಹಡಗಲಿಯವರದು ಆಂಟಿವೈರಸ್ ವಾದ. ಪ್ರತಿ ಫೈಲು ಬಂದು ಕೂತ ಕೂಡಲೇ ಅದು ಬಿಚ್ಚಿ ಮೂಸುತ್ತದೆ ಎಂಬುದು ನಿಜವಾದ್ದರಿಂದ ಇವರನ್ನು ಅರ್ಧ ಗೆದ್ದವರೆಂದು ಒಪ್ಪಬಹುದು. ಐದೂ ತಾಲ್ಲೂಕಿನವರು ಕೂಡಿ ಒಪ್ಪುವ ಮತ ಒಂದೇ, ‘ಹೊಸ ಸರ್ವರ್ ತಗೊಳ್ರಿ’. ಇದನ್ನು ಹೇಳುವವರು ಸಾಮಾನ್ಯವಾಗಿ ಮಾರುವವರೇ.

ಸಿದ್ಧಾಂತ. ನಮ್ಮ ಹಿರಿಯರು ಅನ್ವಯ-ವ್ಯತಿರೇಕ ಎಂದರು. ಒಂದನ್ನು ಇಟ್ಟು ನೋಡು, ತೆಗೆದು ನೋಡು. ಐಪರ್ಫ್ ಎಂಬ ಉಚಿತ ಸಾಧನ ಡಿಸ್ಕನ್ನು ಮುಟ್ಟದೆ ದಾರಿಯನ್ನಷ್ಟೇ ಅಳೆಯುತ್ತದೆ. ಸರ್ವರಿನಲ್ಲೇ ಕೂತು ಅದರ ಒಳಗೇ ದೊಡ್ಡ ಫೈಲೊಂದನ್ನು ಕಾಪಿ ಮಾಡಿದರೆ ದಾರಿ ತಪ್ಪಿ ಡಿಸ್ಕು ಮಾತ್ರ ಉಳಿಯುತ್ತದೆ. ಎರಡು ಪರೀಕ್ಷೆಗೂ ಹಿಡಿಯುವ ಹೊತ್ತು ಒಂದು ಮಿರ್ಚಿ-ಮಂಡಕ್ಕಿ ಮುಗಿಯುವಷ್ಟು.

ಓದು, ಬರಹ ಎರಡೂ ಸೆಕೆಂಡಿಗೆ 11 ಎಂಬಿ ಆಸುಪಾಸಿನಲ್ಲಿ ಅಲುಗದೆ ನಿಂತಿದ್ದರೆ ಅಪರಾಧಿ ಸಾಮಾನ್ಯವಾಗಿ ಕೇಬಲ್. ಗಿಗಾಬಿಟ್ ದಾರಿಗೆ ಕೇಬಲ್ಲಿನ ಎಂಟೂ ತಂತಿ ಬೇಕು. 100 ಮೆಗಾಬಿಟ್ಟಿಗೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಇಲಿ ಒಂದು ತಂತಿ ಕಡಿದರೂ, ಕೊನೆಯ ಪ್ಲಗ್ಗನ್ನು ಅರೆಬರೆ ಒತ್ತಿದ್ದರೂ, ಎರಡು ತುದಿಯ ಯಂತ್ರಗಳು ಬಾಯಿಬಿಟ್ಟು ಹೇಳದೆ ನಾಲ್ಕಕ್ಕೆ ಒಪ್ಪಿಕೊಂಡುಬಿಡುತ್ತವೆ. ಗಿಗಾಬಿಟ್ಟಿನಲ್ಲಿ 110ರ ಹತ್ತಿರ ಹೋಗಬೇಕಾದದ್ದು 11ಕ್ಕೆ ಬೀಳುತ್ತದೆ. ತಂತಿಗಳು ಇಷ್ಟು ಸದ್ದಿಲ್ಲದೆ ರಾಜಿಯಾಗುವುದನ್ನು ನಮ್ಮ ಹೊಲದ ಬದುವಿನ ವ್ಯಾಜ್ಯದವರು ಕಲಿಯಬೇಕಿತ್ತು.

ಆದರೆ ನಮ್ಮ ಅಂಗಡಿಯ ರೋಗ ಬೇರೆ. ಅಲ್ಲಿ ಓದು ಚುರುಕು, ಬರಹವೂ ಮೊದಲ ನಿಮಿಷ 100 ದಾಟಿ ಓಡುತ್ತದೆ, ಆಮೇಲೆ ಕುಂಟುತ್ತದೆ. ಇದು ಆರಂಭಶೂರ ಡಿಸ್ಕಿನ ಲಕ್ಷಣ. ಮೊದಲು ಬಂದ ಸರಕನ್ನು ಸರ್ವರು ರ್‍ಯಾಮಿನಲ್ಲಿ ಹಿಡಿದಿಟ್ಟು ‘ಮುಟ್ಟಿತು’ ಎಂದು ಹೇಳಿಬಿಡುತ್ತದೆ. ಅದು ತುಂಬಿದ ಮೇಲೆ ಡಿಸ್ಕಿನ ನಿಜಬಣ್ಣ ಬಯಲಾಗುತ್ತದೆ. ಎಸ್‌ಎಂಆರ್ ಜಾತಿಯ ಡಿಸ್ಕುಗಳಲ್ಲಿ ಬರಹದ ಪಟ್ಟಿಗಳು ಒಂದರ ಮೇಲೊಂದು ಅರ್ಧ ಹೊದ್ದಿರುತ್ತವೆ. ಒಂದನ್ನು ತಿದ್ದಲು ನೆರೆಯವುಗಳನ್ನೂ ಮತ್ತೆ ಬರೆಯಬೇಕು. ಓದುವಾಗ ಈ ಕಷ್ಟವಿಲ್ಲ. ಹಲವು ಡಿಸ್ಕು ಕೂಡಿಸಿ ರೇಡ್ 5 ಕಟ್ಟಿಸಿಕೊಂಡವರಿಗೆ ಇನ್ನೊಂದು ಬಗೆಯ ಶಿಕ್ಷೆ: ಚಿಕ್ಕ ಬರಹವೊಂದಕ್ಕೆ ಎರಡು ಓದು, ಎರಡು ಬರಹ, ಒಟ್ಟು ನಾಲ್ಕು ಕೆಲಸ.

ಈಗ ಅವಾಂತರ ಪ್ರಶ್ನೆ. ಮದುವೆಯ ವಿಡಿಯೊ ಒಂದೇ ಫೈಲಾಗಿ ಬೇಗ ಹೋಯಿತು, ಒಟ್ಟು ಅಷ್ಟೇ ಗಾತ್ರದ ನಾಲ್ಕು ಸಾವಿರ ಫೋಟೊ ಏಕೆ ಹೋಗಲಿಲ್ಲ? ಉತ್ತರ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರುತ್ತಾರೆ, ‘ಸದ್ದಲೇ’ ಎನ್ನುತ್ತಾರೆ, ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ, ಒಂದೇ ಸಾಲಿನ ಭವಿಷ್ಯವಾಣಿ, ಅಂದರೆ ಕಾರ್ಣಿಕ, ಹೊರಬೀಳುತ್ತದೆ, ಗೊರವಯ್ಯ ಕೆಳಗೆ ಧುಮುಕುತ್ತಾರೆ. ಕೆಲಸ ಮುಗಿಯಿತು. ಅದೇ ಕಾರ್ಣಿಕವನ್ನು ಅಕ್ಷರಕ್ಕೊಮ್ಮೆ ಬಿಲ್ಲೇರಿ, ಅಕ್ಷರಕ್ಕೊಮ್ಮೆ ‘ಸದ್ದಲೇ’ ಎಂದು, ಅಕ್ಷರಕ್ಕೊಮ್ಮೆ ಧುಮುಕಿ ಹೇಳಬೇಕಾಗಿದ್ದರೆ ಜಾತ್ರೆ ಯುಗಾದಿಗೂ ಮುಗಿಯುತ್ತಿರಲಿಲ್ಲ. ಪ್ರತಿ ಫೋಟೊಗೂ ಹೆಸರು ತೆರೆ, ಅನುಮತಿ ಕೇಳು, ಬರೆ, ದಿನಾಂಕ ಹಚ್ಚು, ಮುಚ್ಚು ಎಂಬ ಹೋಗಿಬರುವ ಮಾತುಕತೆ ಇದ್ದೇ ಇದೆ. ಪರಿಹಾರ: ಎಲ್ಲವನ್ನೂ ಒಂದೇ ಜಿಪ್ ಮಾಡಿ ಒಮ್ಮೆಗೇ ಏರಿಸುವುದು.

‘ನಿನ್ನೆ ಕಟ್-ಪೇಸ್ಟ್ ಚಿಟಿಕೆ ಹೊಡೆಯುವಷ್ಟರಲ್ಲಿ ಆಯ್ತು, ಇವತ್ತು ತಾಸು ಹಿಡೀತು’ ಎನ್ನುವವರಿಗೆ ಹರಪನಹಳ್ಳಿಯೇ ದೃಷ್ಟಾಂತ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಇಷ್ಟಾದರೂ ಉಚ್ಚಂಗಿದುರ್ಗದ ಒಂದು ಕಲ್ಲೂ ಕದಲಲಿಲ್ಲ, ಬದಲಾದದ್ದು ವಿಳಾಸ. ಒಂದೇ ಡ್ರೈವಿನೊಳಗಿನ ಕಟ್-ಪೇಸ್ಟ್ ಇದೇ ಜಾತಿಯದು. ಬೇರೆ ಕಂಪ್ಯೂಟರಿಗೆ ಕಟ್-ಪೇಸ್ಟ್ ಎಂದರೆ ಕಲ್ಲು ಕಲ್ಲೂ ಹೊತ್ತು, ಅಲ್ಲಿ ಕಟ್ಟಿ, ಇಲ್ಲಿಯದನ್ನು ಕೆಡವಬೇಕು. ನಗೆಬರಹಗಾರ ಬೀಚಿ ಹುಟ್ಟಿದ ಈ ಊರಿನವರಿಗೆ ಇದನ್ನು ಇಷ್ಟು ಗಂಭೀರವಾಗಿ ಹೇಳುವ ಅಗತ್ಯವಿರಲಿಲ್ಲ.

ಕಂಪ್ಯೂಟರನ್ನು ಹೊಸದು ಮಾಡಿದ ದಿನದಿಂದಲೇ ತೊಂದರೆ ಎನ್ನುವವರು ಇದನ್ನೂ ನೋಡಬೇಕು. 2024ರ 24ಎಚ್2 ಆವೃತ್ತಿಯಿಂದ ವಿಂಡೋಸ್ 11 (ಹೋಮ್ ಬಗೆಯನ್ನು ಬಿಟ್ಟು) ಎಸ್‌ಎಂಬಿಯ ಪ್ರತಿ ಪೊಟ್ಟಣಕ್ಕೂ ಸಹಿ ಬೇಕೆಂದು ಕೇಳುತ್ತದೆ. ಹಳೆಯ, ಬಡಪಾಯಿ ಶೇಖರಣಾ ಪೆಟ್ಟಿಗೆಗಳು ಸಹಿ ಹಾಕುವುದರಲ್ಲೇ ಸುಸ್ತಾಗುತ್ತವೆ.

ಕೊನೆಗೆ ಸೆರಗಿನ ಗಂಟು ಬಿಚ್ಚಬೇಕು: ಬರೆದಾಯಿತು ಎಂದರೆ ಬರೆದಾಯಿತು ಎಂಬ ಆ ಕಲ್ಲಿನ ಗುಣ. ಸರ್ವರು ‘ಡಿಸ್ಕಿಗೆ ನಿಜವಾಗಿ ಇಳಿದ ಮೇಲೆಯೇ ಆಯ್ತೆನ್ನುತ್ತೇನೆ’ ಎಂಬ ಹಟಕ್ಕೆ ಬಿದ್ದರೂ ಬರಹ ಮಂದವಾಗುತ್ತದೆ. ಆ ಹಟವನ್ನು ಬಿಡಿಸುವ ಸೆಟ್ಟಿಂಗ್ ಇದೆ, ಅದನ್ನು ಒತ್ತಿದರೆ ವೇಗ ಹಾರಿ ಏರುತ್ತದೆ, ಒತ್ತಿಕೊಟ್ಟವನಿಗೆ ಚಹಾ ಸಿಗುತ್ತದೆ. ಮಧ್ಯಾಹ್ನ ಕರೆಂಟು ಹೋದರೆ ‘ಆಯ್ತು’ ಎಂದು ತೋರಿಸಿದ ಫೈಲು ರ್‍ಯಾಮಿನಲ್ಲೇ ಸತ್ತಿರುತ್ತದೆ. ನಮ್ಮ ತೀರ್ಪು ಹೀಗಿದೆ: ಯುಪಿಎಸ್ ಇಲ್ಲದ ಅಂಗಡಿಯಲ್ಲಿ ಆ ಸೆಟ್ಟಿಂಗ್ ಮುಟ್ಟತಕ್ಕದ್ದಲ್ಲ, ಮತ್ತು ಎಂಟು ತಂತಿ ಎಣಿಸದೆ ಹೊಸ ಸರ್ವರಿನ ಕೊಟೇಶನ್ ತರಿಸತಕ್ಕದ್ದಲ್ಲ.