ಪೆರಾಕ್ ನದಿಯ ತುಂತುಂಗ್ ಆಮೆಗೆ ಒಂದು ಬಹಿರಂಗ ಪತ್ರ

ಈಪೋ, ಮಲೇಷ್ಯಾ

ಬೋತಾ ಕಾನನ್ ಪ್ರಾಂತದ ಮರಳುದಿಣ್ಣೆಗಳ ನಿವಾಸಿನಿಯಾದ ಮಾನ್ಯ ತುಂತುಂಗ್ ಅವರ ಸನ್ನಿಧಾನಕ್ಕೆ, ವಿಜ್ಞಾಪನೆಗಳು.

ತಮ್ಮ ನದಿಗೆ ಅಡ್ಡಲಾಗಿ ನಿಂತಿರುವ ತೆಮೆಂಗೊರ್, ಬೆರ್ಸಿಯಾ, ಕೆನೆರಿಂಗ್ ಮತ್ತು ಚೆಂಡೆರೋ ಎಂಬ ಅಣೆಕಟ್ಟುಗಳ ವಿದ್ಯುದಾಗಾರಗಳಿಗೆ ವಯಸ್ಸಾಗಿರುವುದರಿಂದ, ಅವುಗಳ ಯಂತ್ರಗಳನ್ನು ನವೀಕರಿಸಿ ಇನ್ನೂ ಹಲವು ದಶಕಗಳ ಆಯುಷ್ಯವನ್ನು ದಯಪಾಲಿಸುವ ಕಾರ್ಯಕ್ಕೆ ತೆನಾಗಾ ನಾಸಿಯೊನಾಲ್ ಎಂಬ ವಿದ್ಯುತ್ ಸಂಸ್ಥೆ ತೊಡಗಿರುವ ವಾರ್ತೆ ತಮ್ಮ ಚಿಪ್ಪಿನೊಳಕ್ಕೂ ಮುಟ್ಟಿರಬಹುದು. ಇಂಥ ಮಂಗಳಮುಹೂರ್ತದಲ್ಲಿ, ಅಳಿವಿನಂಚಿಗೆ ಬಂದಿರುವ ತಾವೂ ಒಂದಿಷ್ಟು ಆಯುಷ್ಯವನ್ನು ಬೇಡುವುದು, ಅದಕ್ಕೆ ತಗಲುವ ವೆಚ್ಚವನ್ನು ವಿದ್ಯುತ್ತಿನ ದರಕ್ಕೆ ಅಂಟಿಸಬಯಸುವುದು, ಲೆಕ್ಕಪತ್ರಗಳಲ್ಲಿ ಭಕ್ತಿಯುಳ್ಳ ನನ್ನಂಥವನಿಗೆ ಮಹಾ ಸಂಕಟವನ್ನು ತಂದೊಡ್ಡಿದೆ.

ತಮ್ಮ ಸ್ವಭಾವವೇ ದುಂದುಗಾರಿಕೆಯದು. ರಾತ್ರಿಯ ಹೊತ್ತು ದಡವೇರಿ, ಮರಳನ್ನು ತೋಡಿ, ಮೊಟ್ಟೆಗಳನ್ನಿಟ್ಟು, ಅವು ಒಡೆಯುವವರೆಗೂ ಹೊಳೆ ಆ ದಿಣ್ಣೆಯನ್ನು ಮುಳುಗಿಸದೆ ತಡೆದು ನಿಲ್ಲಬೇಕೆಂದು ಅಪೇಕ್ಷಿಸುತ್ತೀರಿ. ಆದರೆ ಸೆಖೆ ಏರಿ ಕೌಲಾಲಂಪುರದ ಮಂದಿ ಒಟ್ಟೊಟ್ಟಿಗೆ ಏಸಿ ಹಾಕಿದ ಗಳಿಗೆಯಲ್ಲಿ ತಟ್ಟನೆ ತಿರುಗುವುದೇ ಜಲವಿದ್ಯುತ್ ಚಕ್ರದ ಹೆಗ್ಗಳಿಕೆ. ಆಗ ನುಗ್ಗಿ ಬರುವ ನೀರು, ಕೆಳಗೆ ಯಾರ ಬಾಣಂತಿಕೋಣೆಯಿದೆಯೆಂದು ವಿಚಾರಿಸುತ್ತ ಕೂರಲಾರದು. ತಮಗಾಗಿ ನೀರನ್ನು ಹದವಾಗಿ ಬಿಟ್ಟರೆ, ಆ ಹೊತ್ತಿನ ಕೊರತೆಯನ್ನು ಕಲ್ಲಿದ್ದಲನ್ನೋ ಅನಿಲವನ್ನೋ ಉರಿಸಿ ತುಂಬಿಕೊಳ್ಳಬೇಕು. ಅದು ದುಡ್ಡಿನ ಮಾತು, ಸುಳ್ಳಲ್ಲ.

ಮಿತವ್ಯಯವನ್ನು ಕಲಿಯಬೇಕಾದರೆ ಸುಮಾತ್ರಾ ಖಡ್ಗಮೃಗವನ್ನು ನೋಡಿರಿ. ಒಂದು ಕಾಲಕ್ಕೆ ತಮ್ಮ ನದಿಯ ಮೇಲ್ಗಡೆಯ ಬೆಲುಮ್ ಕಾಡಿನಲ್ಲಿಯೂ ಸಂಚರಿಸುತ್ತಿದ್ದ ಆ ಕುಲ, ತಾಮ್ ಎಂಬ ಕೊನೆಯ ಗಂಡು 2019ರ ಮೇ ತಿಂಗಳಿನಲ್ಲಿಯೂ ಇಮಾನ್ ಎಂಬ ಕೊನೆಯ ಹೆಣ್ಣು ಅದೇ ವರ್ಷದ ನವೆಂಬರಿನಲ್ಲಿಯೂ ಸಬಾದಲ್ಲಿ ಕಾಲವಾದ ತರುವಾಯ, ಮಲೇಷ್ಯಾದ ಬೊಕ್ಕಸದಿಂದ ತನ್ನ ಮೇವಿಗೆಂದು ಒಂದು ರಿಂಗಿಟ್ಟನ್ನೂ ಕೇಳಿಲ್ಲ. ನೂರೈವತ್ತಕ್ಕೂ ಕಡಿಮೆ ಸಂಖ್ಯೆಗೆ ಇಳಿದಿರುವ ಮಲಯದ ಹುಲಿಗಳೂ ಇದೇ ಆದರ್ಶವನ್ನು ಹಿಡಿದಂತೆ ತೋರುತ್ತದೆ. ಸಂಪೂರ್ಣವಾಗಿ ನಿರ್ನಾಮವಾದ ಜೀವಿಯ ಸಂರಕ್ಷಣೆಯಷ್ಟು ಅಗ್ಗವಾದದ್ದು ಲೋಕದಲ್ಲಿ ಮತ್ತೊಂದಿಲ್ಲ.

ಅಮೆರಿಕದ ದುರುದಾಹರಣೆಯನ್ನು ದಯವಿಟ್ಟು ಎತ್ತಬೇಡಿರಿ. ಅಲ್ಲಿ ಅಣೆಕಟ್ಟಿನ ಪರವಾನಗಿಗೆ ಮೂವತ್ತರಿಂದ ಐವತ್ತು ವರ್ಷಗಳ ಅವಧಿಯಿದ್ದು, ಅದು ತೀರಿದಾಗ ಮೀನಿನ ಪರವಾಗಿಯೂ ವಾದಿಸಲು ಎಡೆಯುಂಟು. ಕ್ಲಾಮತ್ ನದಿಯಲ್ಲಿ, ಸಾಲ್ಮನ್ ಮೀನುಗಳು ಏರಿಹೋಗಲು ಮೆಟ್ಟಿಲು ಕಟ್ಟಿಸುವುದಕ್ಕಿಂತ ಅಣೆಕಟ್ಟನ್ನೇ ಕೆಡಹುವುದು ಲಾಭಕರವೆಂದು ಅದರ ಒಡೆಯರೇ ಕಂಡುಕೊಂಡದ್ದರಿಂದ, 2024ರ ಹೊತ್ತಿಗೆ ನಾಲ್ಕು ಅಣೆಕಟ್ಟುಗಳು ನೆಲಸಮವಾದುವು. ಖರ್ಚನ್ನು ಪ್ರಾಮಾಣಿಕವಾಗಿ ಕೂಡಿಸುವುದರಿಂದ ಒದಗುವ ಅನರ್ಥಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆದರೂ, ಲೆಕ್ಕಿಗನ ಧರ್ಮಕ್ಕನುಸಾರವಾಗಿ ಹಿಂದಿನ ಪುಟಗಳನ್ನು ತಿರುವಿದಾಗ ಒಂದು ತೊಡಕು ಎದುರಾಗುತ್ತದೆ. ಚೆಂಡೆರೋ ಅಣೆಕಟ್ಟು 1930ರದು. ಈ ದೇಶದಲ್ಲಿ ಪರಿಸರದ ಮೇಲಣ ಪರಿಣಾಮವನ್ನು ಮೊದಲೇ ಪರಿಶೀಲಿಸಬೇಕೆಂಬ ವಿಧಿ ಜಾರಿಗೆ ಬಂದದ್ದು 1988ರಲ್ಲಿ. ಅಷ್ಟರಲ್ಲಿ ನಾಲ್ಕೂ ಅಣೆಕಟ್ಟುಗಳು ಎದ್ದು ನಿಂತಾಗಿತ್ತು. ಅಷ್ಟು ವರ್ಷಗಳ ಕಾಲ ಮುಳುಗಿದ ಮೊಟ್ಟೆಗಳ ಬೆಲೆಯನ್ನು ಯಾವ ಪುಟದಲ್ಲಿಯೂ ಯಾರೂ ಬರೆಯಲಿಲ್ಲ. ಮೊಟ್ಟೆಯನ್ನು ತಿಂದವರೂ ಮರಳನ್ನು ಬಗೆದು ಮಾರಿದವರೂ ಈ ಪಾಪದಲ್ಲಿ ಪಾಲುದಾರರೆಂಬುದು ದಿಟ. ಆದರೆ ವಿದ್ಯುತ್ತು ಅಗ್ಗವಾಗಿ ಕಂಡದ್ದು, ಅದರ ಬೆಲೆಯ ಒಂದು ಪಾಲನ್ನು ತಾವು ಸದ್ದಿಲ್ಲದೆ ತೆರುತ್ತ ಬಂದದ್ದರಿಂದ ಎಂಬುದೂ ಅಷ್ಟೇ ದಿಟ. ಈ ಅನ್ಯಾಯ ತಮ್ಮ ಕುಲಕ್ಕೆ ಹೊಸದೇನಲ್ಲ: ಸಮುದ್ರಮಥನದಲ್ಲಿ ಮಂದರವನ್ನು ಹೊತ್ತ ಕೂರ್ಮನೇ ಮೋಹಿನಿಯಾಗಿ ಬಂದು ಅಮೃತವನ್ನು ಬಡಿಸಿದಾಗಲೂ, ತನ್ನ ಬೆನ್ನಿನ ಬಾಡಿಗೆಯೆಂದು ಒಂದು ತೊಟ್ಟನ್ನು ತೆಗೆದಿರಿಸಿಕೊಂಡದ್ದನ್ನು ನಾವು ಕೇಳಿಲ್ಲ.

ಆದಕಾರಣ, ಈ ಪತ್ರವನ್ನು ಓದುವ ಅಧಿಕಾರಿಗಳಲ್ಲಿಯೂ, ವಿದ್ಯುತ್ತನ್ನು ಉರಿಸುವ ನಮ್ಮೆಲ್ಲರಲ್ಲಿಯೂ ನನ್ನ ಪ್ರಾರ್ಥನೆ ಇಷ್ಟೆ: ಯಂತ್ರಗಳ ನವೀಕರಣದ ಖರ್ಚನ್ನು ಬರೆಯುವ ಪುಟದಲ್ಲಿಯೇ, ಮೊಟ್ಟೆಯಿಡುವ ತಿಂಗಳುಗಳಲ್ಲಿ ನೀರನ್ನು ಹದವಾಗಿ ಬಿಡುವ ನಷ್ಟವನ್ನೂ, ಬೋತಾ ಕಾನನ್‌ನಲ್ಲಿ ವನ್ಯಜೀವಿ ಇಲಾಖೆ ಮರಿಗಳನ್ನು ಸಾಕಿ ಹೊಳೆಗೆ ಬಿಡುವ ಖರ್ಚನ್ನೂ, ದಾನಧರ್ಮದ ಬಾಬಿನಲ್ಲಿಡದೆ, ಹಳೆಯ ಬಾಕಿಯೆಂದು ನಮೂದಿಸಿರಿ. ಹಾಗೆ ಕೂಡಿಸಿದ ಮೇಲೂ ಆ ವಿದ್ಯುತ್ತು ಅಗ್ಗವೆಂದೇ ತೋರಿದರೆ, ಅಣೆಕಟ್ಟುಗಳು ಧಾರಾಳವಾಗಿ ದೀರ್ಘಾಯುಷ್ಮಂತವಾಗಲಿ.

ಇಂತು ತಮ್ಮ ವಿಧೇಯ,
ಲೆಕ್ಕ ಒಪ್ಪಿಸಬೇಕಾದ ಒಬ್ಬ ಗ್ರಾಹಕ